ಮುಂಬೈಯ ಗೋಡೆಯ ಮೇಲೆ ಅತ್ತೆಯ ಅಳು

ಜನವರಿ 8, 2025, ಬುಧವಾರ

ಊಟದ ಬಿಡುವಿನಲ್ಲಿ ಉಮಾಶ್ರೀ ತನ್ನ ಮೊಬೈಲನ್ನು ನನ್ನ ಡಬ್ಬಿಯ ಪಕ್ಕದಲ್ಲಿಟ್ಟಳು. ಮಹಾರಾಷ್ಟ್ರದ ಗಡಿಯಲ್ಲಿರುವ ತಿಕೋಂಡಿಯ ನಮ್ಮ ಕನ್ನಡ ಶಾಲೆಯಲ್ಲಿ ಶಿಕ್ಷಕಿಯರೆಂದರೆ ನಾವಿಬ್ಬರೇ. ಏನಿದ್ದರೂ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತೇವೆ.

“ಸುಮನ, ಇದು ನಿಮ್ಮ ಮನಿ ಅಂಗಳ ಅಲ್ಲೇನ, ನೋಡು” ಎಂದಳು.

ಅವಳ ಅಕ್ಕನ ಮಗಳು ಅನುರಾಧಾ ಮುಂಬೈಯಲ್ಲಿ ನರ್ಸಿಂಗ್ ಓದುತ್ತಾಳೆ. ಗೆಳತಿಯರ ಜೊತೆ ಅಲ್ಲಿನ ಒಂದು ದೊಡ್ಡ ಮ್ಯೂಸಿಯಮ್ಮಿಗೆ ಹೋಗಿದ್ದಳಂತೆ. ಏಷ್ಯಾದ ಬೇರೆ ಬೇರೆ ದೇಶಗಳ ಜನ ಸತ್ತವರಿಗಾಗಿ ಹೇಗೆ ಅಳುತ್ತಾರೆ ಎಂಬುದರ ಮೇಲೆ ಒಂದು ಪ್ರದರ್ಶನ. ಹಳೆಯ ಕಲ್ಲು, ಹಳೆಯ ಚಿತ್ರ, ಜೊತೆಗೆ ಈಗಿನ ಕಲಾವಿದರು ಮಾಡಿದ್ದು. ಕೊನೆಯ ಕತ್ತಲೆ ಕೋಣೆಯಲ್ಲಿ ಗೋಡೆಯ ತುಂಬ ಒಂದು ಸಿನಿಮಾ ಓಡುತ್ತಿತ್ತು. ಅದನ್ನು ಮೊಬೈಲಿನಲ್ಲಿ ಹಿಡಿದು ಕಳಿಸಿದ್ದಾಳೆ.

ನಮ್ಮದೇ ಅಂಗಳ. ಬೇವಿನ ಗಿಡ, ಗೋಡೆಗೆ ಆನಿಸಿದ ಹೊರಸು, ಓಣಿಯ ಹೆಂಗಸರು. ನಡುವೆ ಕೂದಲು ಬಿಚ್ಚಿಕೊಂಡು ಎದೆ ಬಡಿದುಕೊಳ್ಳುತ್ತಿರುವ ಅತ್ತೆ, ಗೋಡೆಯಷ್ಟು ಎತ್ತರ. ಮುಂದೆ ಬೆನ್ನಿಗೆ ಚೀಲ ಹಾಕಿಕೊಂಡ ಯಾರೋ ಒಬ್ಬರು ಕುತ್ತಿಗೆ ವಾರೆ ಮಾಡಿ ನಿಂತು ಚಿತ್ರದ ಕೆಳಗಿನ ಅಕ್ಷರ ಓದುತ್ತಿದ್ದರು.

ಇದು ಕಾಜಲ್ ತೆಗೆದದ್ದು. ಪುಣೆಯಿಂದ ಬಂದು ನಮ್ಮ ಮಾಳಿಗೆಯಲ್ಲಿ ಇದ್ದುಕೊಂಡು ಕುರಿ, ಉಣ್ಣೆ, ಕಂಬಳಿ ಅಂತ ಚಿತ್ರ ತೆಗೆಯುತ್ತಿದ್ದ ಹುಡುಗಿ. ಎರಡು ವರ್ಷದ ಹಿಂದೆ, ಮನೆಯಲ್ಲಿ ಸಾವಾದ ಆ ದಿನವೂ ಅವಳು ಇಲ್ಲೇ ಇದ್ದಳು. ಅವಳ ಕೈಯಲ್ಲಿ ಕ್ಯಾಮೆರಾ ಇತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಆ ದಿನ ಯಾರ ಕೈಯಲ್ಲಿ ಏನಿತ್ತೋ, ಯಾರು ನೋಡಿದರು.

ಅತ್ತೆಯ ಹಾಡಿನಲ್ಲಿ ಆ ಸಾಲು ಬರುವ ಮೊದಲೇ ಶಬ್ದ ಮುಚ್ಚಿದೆ. ಉಮಾಶ್ರೀ ಏನೂ ಕೇಳಲಿಲ್ಲ. ಆ ದಿನ ಅವಳೂ ನಮ್ಮ ಅಂಗಳದಲ್ಲಿದ್ದಳು.

ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಕುಳಿತು ಉಣ್ಣೆಯೊಳಗಿನ ಮುಳ್ಳು ಆರಿಸುತ್ತಿದ್ದರು. “ಮಾರಿ ಯಾಕ ಸಣ್ಣದಾಗೇತಿ?” ಎಂದರು. ತಲೆನೋವು ಎಂದೆ.

ಜನವರಿ 9, ಗುರುವಾರ

ಆ ಮಾತನ್ನು ನಾನು ಇಲ್ಲಿಯತನಕ ಎಲ್ಲೂ ಬರೆದಿಲ್ಲ. ಮುಂಬೈಯಲ್ಲಿ ಎಲ್ಲರೂ ಓದುತ್ತಿರುವಾಗ ನಾನು ಮುಚ್ಚಿಟ್ಟು ಏನಾಗಬೇಕು.

ವಿಜಯಪುರದ ರಸ್ತೆಯಲ್ಲಿ ಲಾರಿ ಕುರಿಹಿಂಡಿನೊಳಗೆ ನುಗ್ಗಿತು. ಅವರು, ನನ್ನ ಗಂಡ ಮಹಾಂತ, ಹಿಂಡಿನ ಮುಂದಿದ್ದರು. ತಂದು ಅಂಗಳದಲ್ಲಿ ಮಲಗಿಸಿದರು.

ಇಲ್ಲಿ ತಿಕೋಂಡಿಯಲ್ಲಿ, ಆಚೆ ಅಸಂಗಿಯಲ್ಲಿ, ಯಾರ ಮನೆಯಲ್ಲಿ ಸಾವಾದರೂ ಹಾಡಿ ಅಳಲು ದುಂಡವ್ವನನ್ನು ಕರೆಯಿರಿ ಎನ್ನುತ್ತಿದ್ದರು. ದುಂಡವ್ವ ಎಂದರೆ ನನ್ನ ಅತ್ತೆ. ಸತ್ತವರು ಹುಟ್ಟಿದ್ದು, ಬೆಳೆದದ್ದು, ಕೊಟ್ಟದ್ದು, ಜಗಳಾಡಿದ್ದು ಎಲ್ಲವನ್ನೂ ಅತ್ತೆ ಅಲ್ಲೇ ಕಟ್ಟಿ ಹಾಡುತ್ತಿದ್ದರು. ಅವತ್ತು ತಮ್ಮ ಮಗನಿಗೇ ಹಾಡಬೇಕಾಯಿತು. ನಡುವೆ ನನ್ನ ಕಡೆ ಕೈ ಚಾಚಿ ಹೀಗೆಂದರು:

ಬೆಳುಂಕಿಯಿಂದ ಸೊಸಿ ತಂದೆ ಅಂದಿದ್ದೆನೋ, ನನ ಮಗನ,
ಮನಿದೀಪ ಆರಿಸೂ ಗಾಳಿ ತಂದಿದ್ದೆನೋ.

ಯಾರೂ ತಡೆಯಲಿಲ್ಲ. ಅಳುವಾಗ ದೇವರನ್ನು, ಡಾಕ್ಟರನ್ನು, ರಸ್ತೆಯನ್ನು, ಸೊಸೆಯನ್ನು ಬೈಯುವುದು ಇದ್ದದ್ದೇ. ಮಣ್ಣು ಕೊಟ್ಟು ಬಂದ ಮೇಲೆ ಆ ಮಾತುಗಳನ್ನು ಯಾರೂ ಎತ್ತುವುದಿಲ್ಲ. ನಮ್ಮ ಮನೆಯಲ್ಲೂ ಎತ್ತಿಲ್ಲ. ನಾನು ರೊಟ್ಟಿ ಬಡಿಯುತ್ತೇನೆ, ಅವರು ಉಣ್ಣುತ್ತಾರೆ. ಅವರು ಉಣ್ಣೆ ಆರಿಸುತ್ತಾರೆ, ನಾನು ಮಕ್ಕಳ ಬರಹ ತಿದ್ದುತ್ತೇನೆ. ಅವರು ಅದನ್ನು ಮನಸ್ಸಿನಿಂದಲೇ ಅಂದರು, ಒಂದೇ ಸೂರಿನ ಕೆಳಗೆ ಇರಬೇಕಲ್ಲ ಎಂದು ಈಗ ಸುಮ್ಮನಿದ್ದಾರೆ.

ಅಣ್ಣ ಶಿವಪುತ್ರ ತವರು ಬೆಳುಂಕಿಯಿಂದ ಫೋನು ಮಾಡುತ್ತಲೇ ಇರುತ್ತಾನೆ. “ವಾರ್ಷಿಕ ಪರೀಕ್ಷಾ ಮುಗದ ಮ್ಯಾಲ ಈ ಕಡೆ ಬದಲಿ ಮಾಡಿಸ್ಕೊಂಡ ಬಂದಬಿಡು. ಅಲ್ಲಿ ನಿನಗ ಯಾರ ಅದಾರ?” ಆಗಲಿ ಎಂದಿದ್ದೇನೆ.

ಅನುರಾಧಾ ಬಾಗಿಲ ಪಕ್ಕದ ಫಲಕದ ಫೋಟೋನೂ ಕಳಿಸಿದ್ದಾಳೆ. ಕಾಜಲಳ ಹೆಸರು, ಅದರ ಮೇಲೆ ಸಿನಿಮಾದ ಹೆಸರು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ. ಕನ್ನಡದಲ್ಲಿ ಹೇಳಿದರೆ, “ದೀಪ ಆರಿಸುವ ಗಾಳಿ.”

ಹೆಸರಿಡಲು ಅವಳಿಗೆ ಅದೇ ಸಿಕ್ಕಿತು.

ಜನವರಿ 11, ಶನಿವಾರ

ಬೆಳಗಿನ ಶಾಲೆ ಮುಗಿಸಿ ಮಕ್ಕಳು ಹೋದ ಮೇಲೆ ವರ್ಗದಲ್ಲೇ ಕುಳಿತು ಕಾಜಲಳಿಗೆ ಫೋನು ಮಾಡಿದೆ. ಅವಳಿಗೆ ನಮ್ಮ ಮಾತು ಬರುತ್ತದೆ, ಅತ್ತೆ ಕಲಿಸಿದ್ದು.

“ಅಕ್ಕಾ, ಹ್ಯಾಂಗ ಅದೀರಿ? ಆಯಿ ಹ್ಯಾಂಗ ಅದಾರ?” ಖುಷಿಯಲ್ಲಿ ಕೇಳಿದಳು.

“ಆ ಸಿನಿಮಾ ತಗಸು” ಎಂದೆ.

ಶಿದ್ರಾಯಣ್ಣನನ್ನು ಕೇಳಿಯೇ ಮಾಡಿದ್ದು ಎಂದಳು. ಶಿದ್ರಾಯ ನನ್ನ ಭಾವ, ಮನೆಯ ಹಿರಿಯ ಮಗ.

“ನನ್ನ ಕೇಳಿದಿಯೇನು?”

“ಇಲ್ಲಕ್ಕಾ.”

“ಹಂಗಾದ್ರ ಆ ಒಂದು ಸಾಲು ತಗದಬಿಡು. ಉಳದದ್ದು ಇರಲಿ.”

“ಅಕ್ಕಾ, ಅದನ್ನ ಮ್ಯೂಸಿಯಂದವರು ಕೊಂಡಾರ. ಈಗ ಅದು ನನ್ನದಲ್ಲ, ನಾ ಮುಟ್ಟಾಕ ಬರೂದಿಲ್ಲ.” ಆಮೇಲೆ ಮರಾಠಿಗೆ ಹೊರಳಿದಳು. ಇಡೀ ಕೃತಿ ನಿಂತಿರುವುದೇ ಆ ಸಾಲಿನ ಮೇಲೆ, ದುಃಖ ಎಷ್ಟು ಕುರುಡು ಎಂಬುದು ಅಲ್ಲೇ ಕಾಣುತ್ತದೆ, ನೋಡಿದವರು ಯಾರೂ ನಿಮ್ಮನ್ನು ತಪ್ಪು ತಿಳಿಯುವುದಿಲ್ಲ ಎಂದಳು. ಹೇಳುತ್ತ ಅವಳೇ ಅತ್ತಳು. ಮ್ಯೂಸಿಯಂದವರನ್ನು ಕೇಳಿ ನೋಡುತ್ತೇನೆ ಎಂದಳು.

ಅವಳನ್ನು ಸಮಾಧಾನ ಮಾಡಿ ಫೋನು ಇಟ್ಟೆ. ನಾನು ಯಾಕೆ ಸಮಾಧಾನ ಮಾಡಿದೆನೋ.

ಜನವರಿ 14, ಮಂಗಳವಾರ

ವೀಡಿಯೋ ಊರಿನ ವಾಟ್ಸಾಪ್ ಗುಂಪಿಗೆ ಬಂದಿದೆ.

ಸಂಕ್ರಾಂತಿ. ಸಂಜೆ ಶಾಲೆಯ ಮಕ್ಕಳು ಕುಸುರೆಳ್ಳು ಕೊಟ್ಟು ಕಾಲಿಗೆ ಬಿದ್ದು ಹೋದರು. ನೆರೆಮನೆಯ ಚಂದ್ರಾಬಾಯಿಯ ಹೊಸ ಸೊಸೆಯೂ ತಟ್ಟೆ ಹಿಡಿದು ನಮ್ಮ ಬಾಗಿಲತನಕ ಬಂದಳು. ಹಿಂದಿನಿಂದ ಯಾರೋ ಕರೆದರು. “ಆ ಮನಿಗಿ ಆಮ್ಯಾಲ ಹೋಗೂಣು, ಬಾ.” ಹುಡುಗಿ ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು, ಹಿಂದಿರುಗಿದಳು.

ಆಮೇಲೆ ಬರಲಿಲ್ಲ.

ಜನವರಿ 16, ಗುರುವಾರ

ಕಾಜಲ್ ಫೋನು ಮಾಡಿದ್ದಳು. ಪ್ರದರ್ಶನ ಮುಗಿಯುವತನಕ ಏನನ್ನೂ ಬದಲಿಸಲು ಬರುವುದಿಲ್ಲವಂತೆ. ಮುಗಿದ ಮೇಲೆ ಎಂದು ಕೇಳಿದೆ. ಮುಗಿದ ಮೇಲೆ ಅದು ಹಾಗೇ ಕೊರಿಯಾ ದೇಶಕ್ಕೆ ಹೋಗುತ್ತದಂತೆ.

ಜನವರಿ 19, ರವಿವಾರ

ಭಾವ ಹಿಂಡು ಬಿಟ್ಟು ಮನೆಗೆ ಬಂದಿದ್ದರು. ಅತ್ತೆ ಹಿತ್ತಲಲ್ಲಿದ್ದಾಗ ಕೇಳಿದೆ.

“ಕಾಜಲಗ ನೀವು ಹ್ಞೂಂ ಅಂದಿದ್ರೇನ್ರಿ?”

“ಅಂದೆ. ತಮ್ಮ ಹ್ವಾದ ಮ್ಯಾಲ ಅವ್ವ ಬಾಯಿ ಮುಚ್ಚ್ಯಾಳ, ಯಾರ ಮನ್ಯಾಗೂ ಹಾಡಲಿಲ್ಲ. ಆಕಿ ದನಿ ಎಲ್ಲ್ಯಾರ ಒಂದ ಕಡೆ ಉಳೀಲಿ ಅಂತ ಅಂದೆ.”

“ಅದರಾಗ ನನಗ ಏನ ಅಂದಾರ, ನೆನಪಿತ್ತೇನ್ರಿ?”

ಅವರು ರುಮಾಲು ಬಿಚ್ಚಿ ಮತ್ತೆ ಸುತ್ತಿದರು. “ಆ ಗದ್ದಲದಾಗ ಯಾರ ಏನ ಅಂದ್ರು, ಯಾರ ಲಕ್ಷ್ಯ ಇಟ್ಟಿದ್ರವ್ವಾ.”

ಸುಳ್ಳು ಹೇಳುವ ಮನುಷ್ಯ ಅಲ್ಲ. ಅವರಿಗೆ ನಿಜವಾಗಿಯೂ ನೆನಪಿಲ್ಲ. ಮೊಬೈಲಿನಲ್ಲಿ ಮತ್ತೆ ಬರುವತನಕ ಊರಲ್ಲಿ ಯಾರಿಗೂ ನೆನಪಿತ್ತೋ ಇಲ್ಲವೋ. ಅದನ್ನು ಇಟ್ಟುಕೊಂಡವಳು ನಾನು, ಆಮೇಲೆ ಕಾಜಲಳ ಯಂತ್ರ.

ಜನವರಿ 22, ಬುಧವಾರ

ಆಗಬಾರದೆಂದುಕೊಂಡದ್ದು ಆಯಿತು. ಚಂದ್ರಾಬಾಯಿ ಮಧ್ಯಾಹ್ನ ಬಂದು, “ನೀ ಮುಂಬೈದಾಗ ಗುಡ್ಡದಷ್ಟ ದೊಡ್ಡಾಕಿ ಆಗೀದಿ” ಎಂದು ಅತ್ತೆಗೆ ಮೊಬೈಲು ತೋರಿಸಿದ್ದಾಳೆ. ಅತ್ತೆಯ ಕಣ್ಣಿಗೆ ಪೊರೆ ಬಂದಿದೆ. ಇರುವೆ ಹರಿದಾಡಿದಂತೆ ಏನೋ ಕಂಡಿತಂತೆ, ಶಬ್ದವೂ ಗೊರಗೊರ ಎಂದಿತಂತೆ. ಪುಣ್ಯ.

ನಾನು ಬಂದು ಕಾಲು ತೊಳೆಯುವ ಮೊದಲೇ ಕೇಳಿದರು.

“ಅಲ್ಲಿ ಗೋಡಿ ತುಂಬ ತೋರಸಾಕತ್ತಾರಂತ, ಹೌದೇನು?”

“ಹೌದರಿ.”

“ಅದರಾಗ ಮಹಾಂತ ಕಾಣಸ್ತಾನೇನು?”

ನಾನು ಅದನ್ನು ಪೂರ್ತಿ ನೋಡಿಯೇ ಇರಲಿಲ್ಲ. ಒಳಗೆ ಹೋಗಿ ಶಬ್ದವಿಲ್ಲದೆ ಕೊನೆತನಕ ನೋಡಿದೆ. ಮುಖ ಎಲ್ಲೂ ಇಲ್ಲ. ಕಂಬಳಿಯ ಅಂಚಿನ ಹೊರಗೆ ಎರಡು ಪಾದ, ಹೆಬ್ಬೆರಳುಗಳನ್ನು ಕೂಡಿಸಿ ಕಟ್ಟಿದ ದಾರ. ಮೂಲೆಯಲ್ಲಿ ಕೊಡ ಹಿಡಿದುಕೊಂಡು ಒಬ್ಬ ಹೆಂಗಸು ನಿಂತಿದ್ದಾಳೆ. ಯಾರಿರಬಹುದು ಎಂದು ನೋಡಿದರೆ ನಾನು. ನೀರು ತಂದವಳು ಇಳಿಸುವುದನ್ನು ಮರೆತು ನಿಂತಿದ್ದೇನೆ. ಎಲ್ಲರೂ ಅಳುತ್ತಿದ್ದಾರೆ, ಅವಳೊಬ್ಬಳು ಅಳುತ್ತಿಲ್ಲ.

“ಕಾಲಷ್ಟ ಕಾಣಸ್ತಾವರಿ” ಎಂದೆ.

“ಅಷ್ಟ ಸಾಕು. ನನ್ನ ಕರ್ಕೊಂಡ ನಡಿ.”

ಜನವರಿ 26, ರವಿವಾರ

ಧ್ವಜಾರೋಹಣ ಮುಗಿದ ಮೇಲೆ ಶಾಲೆಯ ಮುಂದೆಯೇ ಅತ್ತೆಗೆ ಸನ್ಮಾನ. ನಮ್ಮೂರಿನ ಹೆಸರು ಮುಂಬೈತನಕ ಹೋಯಿತು ಎಂದು ಸರಪಂಚ ಸಾತಪ್ಪ ಮಾತಾಡಿದರು. ಎರಡು ಒಳ್ಳೆಯ ಮಾತು ಬರೆದುಕೊಡಿ ಎಂದು ನಿನ್ನೆ ನನಗೇ ಹೇಳಿದ್ದರು, ಕನ್ನಡ ಕಲಿಸುವವಳು ನಾನೇ ಅಲ್ಲವೇ. ಬರೆದುಕೊಟ್ಟಿದ್ದೆ. ಅವರು ಓದಿದರು, ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬರುವಾಗ ಅತ್ತೆ ಶಾಲನ್ನು ನನ್ನ ಕೈಗೆ ಕೊಟ್ಟರು. “ಮಗ ಸತ್ತದ್ದಕ್ಕ ಶಾಲು ಹೊಚ್ಚಿದ್ರೇನು?”

ಫೆಬ್ರುವರಿ 2, ರವಿವಾರ

ಮುಂಬೈ ದೂರ ಎಂದೆ. ಗದ್ದಲ ಎಂದೆ. ಕಣ್ಣಿನ ಆಪರೇಷನ್ ಆದ ಮೇಲೆ ಹೋಗೋಣ ಎಂದೆ. ಒಂದೂ ನಡೆಯಲಿಲ್ಲ. ಹೋಗುವುದು ಬೇಡ ಎಂದು ಹೇಳಲು ಭಾವನನ್ನು ಒಪ್ಪಿಸಹೋದೆ. “ಯಾಕ ಬ್ಯಾಡ?” ಎಂದರು. ಯಾಕೆ ಎಂದು ಹೇಳಲು ಆಗಲಿಲ್ಲ. ಹಿಂಡು ಬಿಟ್ಟು ಬರಲು ಅವರಿಗೆ ಆಗುವುದಿಲ್ಲ, ನಾನೇ ಕರೆದುಕೊಂಡು ಹೋಗಬೇಕಂತೆ.

ಸಂಜೆ ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಅತ್ತೆ ಒಲೆಯ ಮುಂದೆ ಕುಳಿತು ಕೇಳಿದರು.

“ಅವತ್ತ ನಾ ಏನೇನ ಹಾಡಿದೆ?”

ನಾನು ಹಿಟ್ಟಿನ ಕಡೆಗೇ ನೋಡುತ್ತಿದ್ದೆ.

“ಕಲತಾಕಿ ನೀ, ನಿನಗ ನೆನಪಿರತೈತಿ. ನನಗ ಒಂದೂ ನೆನಪಿಲ್ಲ. ಅವನ್ನ ಅಂಗಳದಾಗ ಇಳಿಸಿದ್ದು ನೆನಪೈತಿ. ಆಮ್ಯಾಲ ನೀ ನನಗ ನೀರ ಕುಡಿಸಿದ್ದು ನೆನಪೈತಿ. ನಡುವಿಂದು ಎಲ್ಲಾ ಹೋಗೇತಿ. ಅದಕ್ಕ ಹೋಗಬೇಕು ಅನ್ನೂದು. ಮಗನಿಗಿ ಚಲೋ ಹಾಡಿ ಕಳಿಸಿದ್ನೋ ಇಲ್ಲೋ, ನೋಡಬೇಕು.”

ಅವರಿಗೆ ಗೊತ್ತೇ ಇಲ್ಲ. ಎರಡು ವರ್ಷ ನಾನು ಅವರ ಒಂದೊಂದು ನೋಟವನ್ನೂ ತೂಗಿ ನೋಡಿದ್ದೇನೆ. ಉಪ್ಪು ಹೆಚ್ಚಾಯಿತು ಎಂದರೂ ಅದರೊಳಗೆ ಆ ಮಾತು ಹುಡುಕಿದ್ದೇನೆ. ಅವರಿಗೆ ಗೊತ್ತೇ ಇಲ್ಲ.

“ಚಲೋ ಹಾಡಿದ್ರಿ” ಎಂದೆ.

“ಹಂಗಂತೀಯಾ?”

ಈಗ ಅದನ್ನು ಅವರು ಕೇಳುತ್ತಾರೆ. ನಾನೇ ಟಿಕೆಟು ತೆಗೆಸಿ, ಕೈ ಹಿಡಿದು ಕರೆದುಕೊಂಡು ಹೋಗಿ ಕೇಳಿಸಬೇಕು.

ಫೆಬ್ರುವರಿ 5, ಬುಧವಾರ

ಕಾಜಲಳಿಗೆ ಹೇಳಿದೆ: ನಾವು ಬಂದಾಗ ಆ ಸಾಲಿನ ಹೊತ್ತಿಗೆ ಶಬ್ದವನ್ನಾದರೂ ಇಳಿಸಿ, ಅವರು ಹಣ್ಣು ಜೀವ. ಕೇಳುತ್ತೇನೆ ಎಂದಳು. ಅವಳು ಎಲ್ಲದಕ್ಕೂ ಕೇಳುತ್ತೇನೆ ಎನ್ನುತ್ತಾಳೆ.

ಫೆಬ್ರುವರಿ 9, ರವಿವಾರ

ಮಿರಜಿಗೆ ಮರಳುವ ರೈಲಿನಲ್ಲಿ ಬರೆಯುತ್ತಿದ್ದೇನೆ. ಎದುರಿಗೆ ಕಿಟಕಿಯ ಪಕ್ಕ ಅತ್ತೆ ಕುಳಿತಿದ್ದಾರೆ. ಕಣ್ಣು ಮುಚ್ಚಿದ್ದಾರೆ, ನಿದ್ದೆ ಇಲ್ಲ.

ನಿನ್ನೆ ದಾದರ ಸ್ಟೇಷನ್ನಿಗೆ ಕಾಜಲ್ ಬಂದು ಅತ್ತೆಯ ಕಾಲಿಗೆ ಬಿದ್ದಳು. ಅತ್ತೆ ಅವಳ ಗದ್ದ ಹಿಡಿದು “ಸೊರಗೀಯಲ್ಲ” ಎಂದರು. ಮ್ಯೂಸಿಯಮ್ಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಬಿಡುವುದು ಬೇಡ ಎಂದರೆ, “ಸತ್ತವರ ಸಾಮಾನ ಇರೂ ಜಾಗಾ” ಎಂದು ಕೇಳಲಿಲ್ಲ. ಚಪ್ಪಲಿಯನ್ನು ನಾನು ಚೀಲದಲ್ಲಿ ಇಟ್ಟುಕೊಂಡೆ.

ಮೊದಲ ಕೋಣೆಯಲ್ಲಿ ಗಾಂಧಾರದ ಒಂದು ಕಲ್ಲು. ಬುದ್ಧ ಮಗ್ಗುಲಾಗಿ ಮಲಗಿ ತೀರಿಕೊಂಡಿದ್ದಾನೆ, ಸುತ್ತ ನಿಂತವರು ಕೈ ಎತ್ತಿ ಅಳುತ್ತಿದ್ದಾರೆ. ಅತ್ತೆ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಒಬ್ಬೊಬ್ಬರನ್ನೂ ನೋಡಿದರು. “ಇಂವ ಖರೇ ಅಳಾಕತ್ತಾನ. ಇಂವ ಮಂದಿ ಅಳತಾರಂತ ಅಳಾಕತ್ತಾನ.” ಜಪಾನಿನ ರೇಷ್ಮೆಯ ಚಿತ್ರದಲ್ಲೂ ಅದೇ ಸಾವು. ಅಲ್ಲಿ ಪ್ರಾಣಿಗಳೂ ಬಂದಿವೆ, ಆನೆಯೊಂದು ಬೆನ್ನಿನ ಮೇಲೆ ಉರುಳಿ ಕಾಲು ಮೇಲೆ ಮಾಡಿ ಅಳುತ್ತಿದೆ. “ಕುರಿ ಅದಾವೇನು?” ಎಂದರು. ಹುಡುಕಿದೆ, ನನಗೆ ಸಿಗಲಿಲ್ಲ. “ನಮ್ಮವು ಮೇವ ಮುಟ್ಟಲಿಲ್ಲ ಆವಾಗ” ಎಂದರು.

ಕೊರಿಯಾದಲ್ಲಿ ಹಿಂದೆ ಸಾವಿನ ಮನೆಯವರು ತೊಡುತ್ತಿದ್ದ ಒರಟು ನಾರಿನ ಬಟ್ಟೆ ಗಾಜಿನ ಪೆಟ್ಟಿಗೆಯಲ್ಲಿ ತೋಳು ಚಾಚಿಕೊಂಡು ನಿಂತಿತ್ತು, ಒಳಗೆ ಯಾರೂ ಇಲ್ಲದೆ. ಅದರ ಎದುರು ಇರಾನಿನ ಈಗಿನ ಕಲಾವಿದೆಯೊಬ್ಬಳು ತೀರಿಕೊಂಡ ತಂಗಿಯ ಓಢಣಿಗಳನ್ನು ಜೋಡಿಸಿ ಹೊಲಿದ ಡೇರೆ. ಒಳಗೆ ಹೋಗಿ ಕೂರಬಹುದು ಎಂದು ಬರೆದಿತ್ತು. ಅತ್ತೆ ಹೋಗಲಿಲ್ಲ. ಹೊರಗೇ ನಿಂತು, “ಆಕಿದು ಆಕಿಗಿರಲಿ” ಎಂದರು.

ನಾನು ಪ್ರತಿಯೊಂದರ ಮುಂದೆಯೂ ತಡ ಮಾಡುತ್ತಿದ್ದೆ. ಫಲಕದಲ್ಲಿ ಇದ್ದದ್ದನ್ನು ಓದಿ ಹೇಳಿದೆ, ಇಲ್ಲದ್ದನ್ನೂ ಸೇರಿಸಿ ಹೇಳಿದೆ. ಬಾಗಿಲು ಮುಚ್ಚುವ ಹೊತ್ತಾಗಿಬಿಡಲಿ ಎಂದು. ಆದರೆ ಆಚೆ ಕೋಣೆಯಿಂದ ದನಿ ಕೇಳಿಬರುತ್ತಿತ್ತು. ಅತ್ತೆ ತಲೆ ಎತ್ತಿದರು. “ಅದು ನಾನ” ಎಂದು ಆ ಕಡೆ ನಡೆದರು.

ಕತ್ತಲೆ, ನಡುವೆ ಒಂದು ಬೆಂಚು. ಗೋಡೆಯ ಮೇಲೆ ಪಾದಗಳು ಬಂದಾಗ ಅತ್ತೆ ಎದ್ದುಹೋಗಿ ಮುಟ್ಟಿದರು. ಬೆಳಕು ಅವರ ಮೇಲೆ ಬಿದ್ದು, ಮಹಾಂತನ ಪಾದ ಅವರ ಕೈಯ ಹಿಂಬದಿಯ ಮೇಲೆ ಬಂತು. ಕಾವಲಿನ ಹೆಂಗಸು ಮೆಲ್ಲಗೆ ಕರೆತಂದು ಕೂರಿಸಿದಳು. ಆಮೇಲೆ ಹಾಡು. ಅವನು ಚಿಕ್ಕವನಿದ್ದಾಗ ಮರಿ ಹೊತ್ತು ತಂದದ್ದು, ಕಂಬಳಿಯೊಳಗೆ ಅದನ್ನೂ ಮಲಗಿಸಿಕೊಂಡದ್ದು, ಜತ್ತಿನ ಸಂತೆಯಿಂದ ಅವ್ವನಿಗೆ ಬಳೆ ತಂದದ್ದು. ಅತ್ತೆ ಮೊಣಕಾಲಿನ ಮೇಲೆ ಕೈ ಇಟ್ಟು ಕೇಳಿದರು. “ಚಲೋ ಹಾಡೀನಿ” ಎಂದರು. ಪಕ್ಕದಲ್ಲಿ ಕುಳಿತು ಕಣ್ಣು ಒರೆಸಿಕೊಳ್ಳುತ್ತಿದ್ದ ದಂಪತಿಗೆ ಗೋಡೆಯ ಮೇಲಿನವರು ತಮ್ಮ ಮಗ್ಗುಲಲ್ಲೇ ಇದ್ದಾರೆಂದು ಗೊತ್ತಾಗಲಿಲ್ಲ.

ಆ ಸಾಲು ಬರುವ ಹೊತ್ತಿಗೆ ನಾನು ಜೋರಾಗಿ ಕೆಮ್ಮಿದೆ. ಕೋಣೆಯ ನಾಲ್ಕೂ ಮೂಲೆಗೆ ಸ್ಪೀಕರು. ಯಾರೂ ಶಬ್ದ ಇಳಿಸಿರಲಿಲ್ಲ.

ಅತ್ತೆ ತಿರುಗಿ ನೋಡಲಿಲ್ಲ. ಮುಗಿದ ಮೇಲೆ, “ಮತ್ತೊಮ್ಮಿ ಬರತೈತೇನು?” ಎಂದರು. ಬರುತ್ತದೆ ಎಂದೆ. ಕಾದು ಕುಳಿತರು. ಎರಡನೆಯ ಸಲ ನಾನು ಕೆಮ್ಮಲಿಲ್ಲ.

“ಇದನ್ನ ನಾ ಅಂದ್ನೇನು?”

“ದುಃಖದಾಗ ಅಂದದ್ದರಿ.”

“ನೀ ಎಲ್ಲಿದ್ದಿ ಆವಾಗ?”

ಗೋಡೆಯ ಮೂಲೆ ತೋರಿಸಿದೆ. ಪೊರೆಯ ಕಣ್ಣನ್ನು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

“ಕೇಳಿಸ್ಕೊಂಡ ನಿಂತೀಯಲ್ಲ.”

“ಹ್ಞೂಂರಿ.”

“ಇಷ್ಟ ದಿನಾ ಒಂದ ಮಾತ ಅನಲಿಲ್ಲ.”

ಅವರು ಎದ್ದು ಕಾವಲಿನವಳ ಹತ್ತಿರ ಹೋಗಿ, ಇದನ್ನು ಬಂದ್ ಮಾಡು ಎಂದರು. ಅವಳು ಯಾರನ್ನೋ ಕರೆದಳು. ಪ್ರದರ್ಶನದ ಹೊಣೆ ಹೊತ್ತ ವಿಜಯ ಎಂಬವರು ಬಂದರು. ಒಳ್ಳೆಯ ಮನುಷ್ಯ. ಅತ್ತೆಯ ಮುಂದೆ ನೆಲದ ಮೇಲೆಯೇ ಕುಳಿತು ಮರಾಠಿಯಲ್ಲಿ ಮಾತಾಡಿದರು.

ಅತ್ತೆಯೂ ಮರಾಠಿಯಲ್ಲೇ ಹೇಳಿದರು: ಅದು ನನ್ನ ಮಾತು. ನಾನು ಅದನ್ನು ವಾಪಸು ತಗೊಳ್ಳುತ್ತೇನೆ.

ಅವರು ಹೇಳಿದರು: ಆಜಿ, ನಿಮ್ಮ ದುಃಖ ಇಲ್ಲಿ ಎಲ್ಲರ ದುಃಖವಾಗಿದೆ. ದಿನಾ ಜನ ಬಂದು ಇಲ್ಲಿ ಅಳುತ್ತಾರೆ. ಕೃತಿಯನ್ನು ಕತ್ತರಿಸಲು ನನಗೂ ಅಧಿಕಾರವಿಲ್ಲ.

“ಇಕಿ ಅತ್ತಿಲ್ಲ” ಎಂದರು ಅತ್ತೆ, ನನ್ನ ಕಡೆ ಕೈ ಮಾಡಿ, ನಮ್ಮ ಮಾತಿನಲ್ಲೇ. ಅವರಿಗೆ ಅರ್ಥವಾಗಲಿಲ್ಲ. ಕಾಜಲಳಿಗೆ ಆಯಿತು. ಅವಳು ಬಾಗಿಲ ಹತ್ತಿರ ನಿಂತಿದ್ದಳು. ಅತ್ತೆ ಅವಳನ್ನು ಹತ್ತಿರ ಕರೆದರು.

“ಮರುದಿನ ಇಕಿ ಅನ್ನದ ಗಂಗಾಳ ಮುಟ್ಟಲಿಲ್ಲ. ನಾ ತುತ್ತ ಮಾಡಿ ಬಾಯಾಗ ಇಟ್ಟೆ. ನೀ ಅಲ್ಲೇ ಕುಂತಿದ್ದಿ. ಆವಾಗ ನಿನ್ನ ಯಂತ್ರ ಎಲ್ಲಿತ್ತು?”

“ಒಳಗ ಇಟ್ಟಿದ್ನಿ, ಆಯಿ.”

“ಯಾಕ ಇಟ್ಟಿ?”

ಕಾಜಲ್ ತಲೆ ತಗ್ಗಿಸಿದಳು.

ಅದು ನಿಜ. ಅನ್ನಕ್ಕೆ ಮಜ್ಜಿಗೆ ಕಲಸಿದ್ದರು. ಅವರ ಬೆರಳು ನನ್ನ ಹಲ್ಲಿಗೆ ತಾಗಿತ್ತು. ಮಹಾಂತ ಹೋದ ಮೇಲೆ ನನ್ನ ಬಾಯಿಗೆ ಬಿದ್ದ ಮೊದಲ ಅನ್ನ ಅದು, ನಾನು ಅದನ್ನು ಪೂರ್ತಿ ಮರೆತಿದ್ದೆ.

ವಿಜಯ ಅವರು ಕೈ ಮುಗಿದು, ಚಹಾ ಕಳಿಸುತ್ತೇನೆ ಎಂದು ಹೋದರು. ಗೋಡೆಯ ಮೇಲೆ ಹಾಡು ಮತ್ತೆ ಮೊದಲಿನಿಂದ ಶುರುವಾಗಿತ್ತು. ನಡೀರಿ ಎಂದೆ. ಅವರು ಏಳಲಿಲ್ಲ. ಆ ಸಾಲು ಹತ್ತಿರ ಬಂದಾಗ ನನ್ನ ಕಡೆ ಹೊರಳಿ, ಎರಡೂ ಕೈಯಿಂದ ನನ್ನ ಕಿವಿ ಗಟ್ಟಿಯಾಗಿ ಮುಚ್ಚಿದರು. ಸಾಲು ಮುಗಿದ ಮೇಲೆ ಬಿಟ್ಟರು. ಮತ್ತೆ ಬಂತು, ಮತ್ತೆ ಮುಚ್ಚಿದರು. ಗೋಡೆಯ ಕೆಳಗೆ ಅಕ್ಷರಗಳೂ ಅದನ್ನೇ ಹೇಳುತ್ತಿವೆ ಎಂದು ಅವ್ವನಿಗೆ ಗೊತ್ತಿಲ್ಲ, ಓದಲು ಬರುವುದಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಮುಖವೆಲ್ಲ ಒದ್ದೆಯಾಗಿತ್ತು, ಅವ್ವನ ಅಂಗೈಯೂ ಒದ್ದೆಯಾಯಿತು. ಹೊರಗಿನ ಸೆಕೆಯಿಂದ ಒಳಗಿನ ತಂಪಿಗೆ ಬಂದರೆ ನನಗೆ ಹೀಗೆ ಕಣ್ಣಲ್ಲಿ ನೀರು ಬರುತ್ತದೆ.

ಬಾಗಿಲು ಮುಚ್ಚುವ ಹೊತ್ತಾಯಿತು ಎಂದು ಮ್ಯೂಸಿಯಂದವರೇ ಎಬ್ಬಿಸುವತನಕ ಅಲ್ಲೇ ಕುಳಿತಿದ್ದೆವು.

ಫೆಬ್ರುವರಿ 13, ಗುರುವಾರ

ಮುಂಬೈ ಹೇಗಿತ್ತು ಎಂದು ಕೇಳುವವರೇ ಎಲ್ಲ. ಅವ್ವ ಯಾರಿಗೂ ಏನೂ ಹೇಳುವುದಿಲ್ಲ. ಚಂದ್ರಾಬಾಯಿ ಕೇಳಿದಾಗ ಮಾತ್ರ, “ನಿನ್ನ ಮೊಬೈಲದಾಗಿಂದು ಅಳಿಸಿಬಿಡು” ಎಂದರು. ಅವಳು ನಮ್ಮೆದುರಿಗೇ ಅಳಿಸಿದಳು. ಎಲ್ಲರ ಮೊಬೈಲಿನಲ್ಲೂ ಇದೆ ಎಂದು ನಾನು ಹೇಳಲಿಲ್ಲ.

ಫೆಬ್ರುವರಿ 16, ರವಿವಾರ

ಅಣ್ಣನ ಫೋನು ಬಂತು. ಹಂಚಿನ ಮೇಲೆ ರೊಟ್ಟಿ ಇತ್ತು, ಆಮೇಲೆ ಮಾಡುತ್ತೇನೆ ಎಂದೆ. ಮರೆತೇಬಿಟ್ಟೆ.

ಅವ್ವ ಸರಿಯಾಗಿ ಉಣ್ಣುತ್ತಿಲ್ಲ. ಮಜ್ಜಿಗೆ ಕಲಸಿಕೊಟ್ಟರೆ ಎರಡು ತುತ್ತು.

ಫೆಬ್ರುವರಿ 27, ಗುರುವಾರ

ಸರಪಂಚ ಸಾತಪ್ಪನವರ ತಾಯಿ ತೀರಿಕೊಂಡರು. ಅವ್ವನೂ ಅವರೂ ಒಂದೇ ವರ್ಷ ಮದುವೆಯಾಗಿ ಈ ಊರಿಗೆ ಬಂದವರು. ಕರೆಯಲು ಬಂದಿದ್ದರು, ನಾನೂ ಜೊತೆಗೆ ಹೋದೆ. ಅವ್ವ ಹೆಣದ ತಲೆಯ ಹತ್ತಿರ ಕುಳಿತರು. ಬಾಯಿ ತೆರೆಯಲು ಹೋದವರು ಸುತ್ತ ನೋಡಿದರು. ನಾಲ್ಕೈದು ಮಂದಿ ಆಗಲೇ ಮೊಬೈಲು ಎತ್ತಿ ಹಿಡಿದಿದ್ದರು.

ಅವ್ವ ಬಾಯಿ ಮುಚ್ಚಿದರು. ಸೆರಗಿನಿಂದ ಗೆಳತಿಯ ಹಣೆ ಒರೆಸಿ ಎದ್ದು ಬಂದರು. ಸಾತಪ್ಪನವರ ತಾಯಿ ಹಾಡಿಲ್ಲದೆ ಹೋದರು.

“ಬಾಯಿಗಿ ಬರತೈತಿ, ಏನ ಬರತೈತೋ ಅಂತ ಅಂಜಿಕಿ” ಎಂದರು ದಾರಿಯಲ್ಲಿ. ನಾನು ಕೈ ಹಿಡಿದುಕೊಂಡು ನಡೆದೆ.

ಮಾರ್ಚ್ 24, ಸೋಮವಾರ

ಕೊರಿಯಾದಲ್ಲಿ ಪ್ರದರ್ಶನ ಶುರುವಾಗಿದೆ ಎಂದು ಕಾಜಲ್ ಹೋದ ವಾರ ತಿಳಿಸಿದಳು. ಅಲ್ಲಿಂದ ಇನ್ನೂ ಎಲ್ಲೆಲ್ಲಿಗೋ ಹೋಗುತ್ತದಂತೆ. ಅಲ್ಲಿ ನಮಗಿಂತ ಮೊದಲೇ ಬೆಳಗಾಗುತ್ತದೆ ಎಂದು ನಾನು ಹೇಳಬಾರದಾಗಿತ್ತು. ಅಂದಿನಿಂದ ಅವ್ವ ದಿನಾ ಬೆಳಗ್ಗೆ ಚಹಾದ ಬಟ್ಟಲು ಮುಂದಿಟ್ಟುಕೊಂಡು ಕೇಳುತ್ತಾರೆ.

“ಅಲ್ಲಿ ಬಾಗಿಲ ತಗದಿರಬೇಕಲ್ಲ ಈಗ?”

“ತಗದಿರತಾರರಿ.”

ಚಹಾ ಹಾಗೇ ಆರುತ್ತದೆ. ಅಲ್ಲಿಯವರಿಗೆ ನಾನು ಯಾರೋ ಗೊತ್ತಿಲ್ಲ, ಬೆಳುಂಕಿ ಎಲ್ಲಿದೆಯೋ ಗೊತ್ತಿಲ್ಲ, ಅದಕ್ಕೆ ಯಾಕೆ ಕೊರಗುತ್ತೀರಿ ಎಂದು ಒಮ್ಮೆ ಹೇಳಿ ನೋಡಿದೆ. “ಹೂಂ. ಅವರಿಗಿ ನಿನ್ನ ಬಗ್ಗೆ ಗೊತ್ತಿರೂದು ಅದೊಂದ” ಎಂದರು.

ಇವತ್ತು ಕೇಳುವ ಮೊದಲೇ ಹೇಳಿದೆ, ಸೋಮವಾರ ಆ ಮ್ಯೂಸಿಯಮ್ಮಿಗೆ ರಜೆ ಎಂದು. ಮೊಬೈಲಿನಲ್ಲಿ ಹುಡುಕಿ ತಿಳಿದುಕೊಂಡಿದ್ದೆ.

“ಇವತ್ತ ಯಾರೂ ಕೇಳೂದಿಲ್ಲೇನು?”

“ಇಲ್ಲರಿ. ಬಾಗಲಾನ ತಗಿಯೂದಿಲ್ಲ.”

ಅವ್ವ ಚಹಾ ಕುಡಿದರು. ಎಣ್ಣೆಯ ಬಟ್ಟಲು ತಂದು ನನ್ನನ್ನು ಕಟ್ಟೆಯ ಮೇಲೆ ಮುಂದೆ ಕೂರಿಸಿಕೊಂಡರು. ಶಾಲೆಗೆ ತಡವಾಗುತ್ತದೆ ಎಂದರೂ ಬಿಡಲಿಲ್ಲ. ಸಿಕ್ಕು ಬಿಡಿಸಿ, ನೆತ್ತಿಗೆ ಎಣ್ಣೆ ತಟ್ಟಿ, ಬಿಗಿಯಾಗಿ ಹೆರಳು ಹಾಕಿದರು. ಹಾಕುವಾಗ ಬಾಯಲ್ಲೇ ಏನೋ ಗುನುಗುತ್ತಿದ್ದರು. ಶಬ್ದ ತಿಳಿಯಲಿಲ್ಲ, ಕೇಳಿದರೆ ನಿಲ್ಲಿಸಿಬಿಡುತ್ತಾರೆ ಎಂದು ಕೇಳಲಿಲ್ಲ.

ನಾಳೆ ಮಂಗಳವಾರ. ಅಲ್ಲಿ ಬಾಗಿಲು ತೆಗೆಯುತ್ತಾರೆ.